ಒಂಬತ್ತನೇ ಕ್ಲಾಸಿಗೆ ನೋವಿನ ಪಾಠ

ಎಲ್ಲರಿಗೂ ನಮಸ್ಕಾರ. ಮೇಷ್ಟ್ರುಗಳು, ಮಿಸ್‌ಗಳು, ಒಂದಷ್ಟು ಅಪ್ಪ ಅಮ್ಮಂದಿರೂ ಬಂದಿದ್ದೀರಿ, ಹಾಗಾಗಿ ನೇರವಾಗಿ ಕೇಳುತ್ತೇನೆ. ನೋವು ಅಂದರೇನು ಅಂತ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡುವುದು ಹೇಗೆ ಅನ್ನುವುದೇ ಇವತ್ತಿನ ಮಾತು. ಹೊಟ್ಟೆನೋವು ಅಂತ ಹುಡುಗನೊಬ್ಬ ಬಂದರೆ ನಮಗೆ ಮೊದಲು ಹೊಳೆಯುವುದೇನು? ಇವತ್ತು ಟೆಸ್ಟ್ ಇದೆಯಾ ಅಂತ, ಅಲ್ವಾ? ಸ್ಕ್ಯಾನ್ ನಾರ್ಮಲ್ ಬಂದರಂತೂ ಮುಗಿಯಿತು, ‘ನಾಟಕ ಸಾಕು’ ಅಂದುಬಿಡುತ್ತೇವೆ. ಆ ಮಾತು ಕೇಳಿದ ಹುಡುಗ ಮುಂದಿನ ಸಲ ಇನ್ನೂ ಜೋರಾಗಿ ನರಳುತ್ತಾನೆ, ಇಲ್ಲಾ ಹೇಳುವುದನ್ನೇ ಬಿಡುತ್ತಾನೆ.

ಏಟು ಎಷ್ಟೋ ನೋವು ಅಷ್ಟು ಅಂತ ನಾವೆಲ್ಲ ನಂಬಿಕೊಂಡಿರುವುದೇ ಇದಕ್ಕೆ ಕಾರಣ. ಮಕ್ಕಳ ತಲೆಯಿಂದ ಮೊದಲು ತೆಗೆಯಬೇಕಾದ್ದು ಇದನ್ನೇ.

1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಪ್ರಕರಣ ಬಂತು. 29 ವರ್ಷದ ಕಟ್ಟಡ ಕೆಲಸಗಾರ 15 ಸೆಂಟಿಮೀಟರ್ ಉದ್ದದ ಮೊಳೆಯ ಮೇಲೆ ಧುಮುಕಿಬಿಟ್ಟಿದ್ದ. ಮೊಳೆ ಬೂಟಿನೊಳಗೆ ಹೊಕ್ಕಿತ್ತು. ಅದು ಕೊಂಚ ಅಲುಗಾಡಿದರೂ ತಡೆಯಲಾರದ ನೋವು, ಕೊನೆಗೆ ಫೆಂಟನಿಲ್ ಎಂಬ ಬಲವಾದ ನೋವುನಿವಾರಕ ಕೊಟ್ಟು ಮೊಳೆ ಕಿತ್ತರು. ಬೂಟು ಬಿಚ್ಚಿ ನೋಡಿದರೆ ಮೊಳೆ ಎರಡು ಬೆರಳುಗಳ ಸಂದಿಯಲ್ಲಿ ಹಾದುಹೋಗಿದೆ, ಕಾಲಿಗೆ ಒಂದು ಗೀರೂ ಇಲ್ಲ! ಅವನು ನಾಟಕ ಮಾಡಿದನಾ? ಇಲ್ಲ. ಕಣ್ಣು ಮೊಳೆ ನೋಡಿತು, ಮಿದುಳು ಅಪಾಯ ಅಂತ ತೀರ್ಮಾನಿಸಿತು, ನೋವು ಬಂತು. ನಿಜವಾದ ನೋವೇ.

‘ಹಾಗಾದ್ರೆ ನೋವು ಬರೀ ತೊಂದರೆ ತಾನೇ ಸಾರ್’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆಗ ಪಾಕಿಸ್ತಾನದ ಉತ್ತರ ಭಾಗದ ಹುಡುಗನೊಬ್ಬನ ಕತೆ ಹೇಳಿ. ಹುಟ್ಟಿನಿಂದ ನೋವೇ ಗೊತ್ತಿಲ್ಲದ ಅವನು ಬೀದಿಯಲ್ಲಿ ತೋಳಿಗೆ ಚಾಕು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಜನರನ್ನು ಸೇರಿಸುತ್ತಿದ್ದ. ಮನೆಯ ಮಾಳಿಗೆಯಿಂದ ಹಾರಿ, 14 ತುಂಬುವ ಮೊದಲೇ ಸತ್ತ. ಅಂಥ ಕುಟುಂಬಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಎಸ್‌ಸಿಎನ್9ಎ ಎಂಬ ಜೀನ್ ಕೆಟ್ಟಿರುವುದನ್ನು 2006ರಲ್ಲಿ ಪ್ರಕಟಿಸಿದರು. ನರದ ತುದಿಯಿಂದ ಸುದ್ದಿ ಹೊರಡುವುದೇ ಇಲ್ಲ. ಕ್ಲಾಸು ಸುಮ್ಮನಾಗುತ್ತದೆ ನೋಡಿ, ಅವನದೂ ಅವರದೇ ವಯಸ್ಸು.

ಮೆಣಸಿನಕಾಯಿಯನ್ನಂತೂ ಬಿಡಬೇಡಿ. ಗುಂಟೂರು ಮೆಣಸಿನಕಾಯಿ ಕಚ್ಚಿದರೆ ಬಾಯಿ ಉರಿಯುತ್ತದೆ, ಆದರೆ ಬಾಯಿ ಸುಟ್ಟಿರುವುದಿಲ್ಲ. ಸುಮಾರು 43 ಡಿಗ್ರಿ ಬಿಸಿಗೆ ತೆರೆದುಕೊಳ್ಳುವ ನರದ ಬಾಗಿಲನ್ನೇ ಅದರಲ್ಲಿರುವ ಕ್ಯಾಪ್ಸೈಸಿನ್ ಎಂಬ ಖಾರದ ಅಂಶ ತಣ್ಣಗಿರುವಾಗಲೂ ತೆರೆದುಬಿಡುತ್ತದೆ. ಇದನ್ನು 1997ರಲ್ಲಿ ಕಂಡುಹಿಡಿದ ತಂಡದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು.

ಇಲ್ಲಿ ಒಂದು ಎಚ್ಚರ. ಮಿದುಳು ಅಂದ ಕೂಡಲೇ ಮಕ್ಕಳು ‘ಅಂದ್ರೆ ನನ್ನದು ಬರೀ ಭ್ರಮೆ’ ಅಂದುಕೊಳ್ಳುತ್ತಾರೆ. ಹಾಗಲ್ಲ ಅಂತ ಬಿಡಿಸಿ ಹೇಳಿ. ತಿಂಗಳುಗಟ್ಟಲೆ ನೋವು ತಿಂದ ನರಮಂಡಲ ಸೂಕ್ಷ್ಮವಾಗುತ್ತದೆ, ಸಣ್ಣ ಸುದ್ದಿಗೂ ದೊಡ್ಡ ಗಲಾಟೆ ಮಾಡುತ್ತದೆ. ನಿದ್ದೆಗೆಟ್ಟರೆ, ಹೆದರಿದರೆ ಇನ್ನೂ ಜಾಸ್ತಿ. ಪರೀಕ್ಷೆಯ ವಾರ ಹೊಟ್ಟೆನೋವು ಹೆಚ್ಚುವುದಕ್ಕೆ ದೇಹದಲ್ಲೇ ಕಾರಣವಿದೆ.

ಮುಟ್ಟಿನ ನೋವಿಗೆ ಒಂದು ಪೂರ್ತಿ ಪೀರಿಯಡ್ ಕೊಡಿ, ಹುಡುಗರನ್ನು ಹೊರಗೆ ಕಳಿಸಬೇಡಿ. ಅದೇನು ಗುಟ್ಟೇ? ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಗರ್ಭಕೋಶವನ್ನು ಬಿಗಿಯಾಗಿ ಹಿಂಡಿಸುತ್ತದೆ, ಆಗ ಅಲ್ಲಿಗೆ ರಕ್ತ ಕಡಿಮೆಯಾಗಿ ನೋವಾಗುತ್ತದೆ. ಬಿಸಿನೀರಿನ ಬ್ಯಾಗು ಇಟ್ಟರೆ ಹಿತ. ಐಬುಪ್ರೊಫೆನ್ ಥರದ ಮಾತ್ರೆ ಆ ರಾಸಾಯನಿಕ ತಯಾರಾಗುವುದನ್ನೇ ತಡೆಯುತ್ತದೆ, ಅದಕ್ಕೇ ಡಾಕ್ಟರ್ ಒಪ್ಪಿದ್ದರೆ ನೋವು ಶುರುವಾಗುವಾಗಲೇ ತೆಗೆದುಕೊಳ್ಳಬೇಕು, ತಡೆದುಕೊಂಡು ತಡೆದುಕೊಂಡು ಸಂಜೆಗೆ ನುಂಗಿದರೆ ಅಷ್ಟು ಪ್ರಯೋಜನವಿಲ್ಲ. ತಿಂಗಳು ತಿಂಗಳು ಸ್ಕೂಲು ತಪ್ಪಿಸುವಷ್ಟು ನೋವಿದ್ದರೆ ‘ಮದುವೆಯಾದ ಮೇಲೆ ಸರಿಹೋಗುತ್ತೆ’ ಅನ್ನಬೇಡಿ. ಎಂಡೋಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ, ಇರಬಹುದು, ಡಾಕ್ಟರಿಗೆ ತೋರಿಸಿ.

ಹಾಗೆಯೇ ಜ್ವರ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಕೈಕಾಲು ಮರಗಟ್ಟುವುದು, ಇವು ಕಂಡರೆ ಮೊದಲು ಆಸ್ಪತ್ರೆ. ಪಾಠ ಆಮೇಲೆ ಮಾಡೋಣ. ಈಗ ಪ್ರಶ್ನೆ ಕೇಳಿ.