ನೋಡಿ ಬರೆದದ್ದು ತಪ್ಪಲ್ಲ, ಬಚ್ಚಿಟ್ಟದ್ದು ತಪ್ಪು

ಕೇಳುಗರೆಲ್ಲರಿಗೂ ನಮಸ್ಕಾರ.

ಕಲಾಶಾಲೆಯ ನಡವಳಿಕೆ ನಿಯಮಗಳ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಬಾನುಲಿಯವರು ಕರೆದಿದ್ದಾರೆ. ಈಗಷ್ಟೇ ಕಲಾಶಾಲೆಗೆ ಸೇರಿರುವ ಹುಡುಗ ಹುಡುಗಿಯರು ಮತ್ತು ಅವರ ಪಕ್ಕದಲ್ಲಿ ಕುಳಿತಿರುವ ತಂದೆತಾಯಿಯರು ಕೇಳುತ್ತಿದ್ದಾರೆ ಎಂದುಕೊಂಡೇ ಮಾತನಾಡುತ್ತೇನೆ. ಪ್ರವೇಶದ ದಿನ ನಿಮ್ಮ ಕೈಗೆ ಒಂದು ದಪ್ಪ ಕೈಪಿಡಿ ಕೊಡುತ್ತಾರೆ. ನೀವು ಕೊನೆಯ ಪುಟದಲ್ಲಿ ಸಹಿ ಹಾಕುತ್ತೀರಿ, ಒಳಗಿನದನ್ನು ಓದುವುದಿಲ್ಲ. ಇರಲಿ ಬಿಡಿ. ಅದರ ಸಾರವನ್ನು ನಾನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಎಲ್ಲಿಂದ ತೆಗೆದುಕೊಂಡಿರೋ ಅದನ್ನು ಹೇಳಿ.

ಶಿಸ್ತು ಸಮಿತಿಯಲ್ಲಿ ಕುಳಿತು ವಿದ್ಯಾರ್ಥಿಗಳ ಸಮಜಾಯಿಷಿ ಕೇಳುವುದು ನನ್ನ ಕೆಲಸದ ಒಂದು ಭಾಗ. ಅಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದಿದೆ. ‘ಮೇಡಂ, ಶೇಕಡಾ 30ರಷ್ಟು ಬದಲಾಯಿಸಿದರೆ ಅದು ನಮ್ಮದೇ ಆಗುತ್ತದಲ್ಲವೇ?’ ಆಗುವುದಿಲ್ಲ. ಇಂಥ ಲೆಕ್ಕ ಯಾವ ಕೃತಿಸ್ವಾಮ್ಯ ಕಾನೂನಿನಲ್ಲೂ ಇಲ್ಲ. ಯಾರು ಹುಟ್ಟುಹಾಕಿದರೋ, ಒಂದು ತರಗತಿಯಿಂದ ಇನ್ನೊಂದಕ್ಕೆ ಹಬ್ಬುತ್ತಲೇ ಇದೆ. ಎಡಕ್ಕಿದ್ದ ಮುಖವನ್ನು ಬಲಕ್ಕೆ ತಿರುಗಿಸಿ, ಸೀರೆಯ ಬಣ್ಣ ಬದಲಿಸಿ, ಹಿಂದೊಂದು ಮರ ನಿಲ್ಲಿಸಿದರೆ ಎಷ್ಟು ಶೇಕಡಾ ಆಯಿತು? ಯಾವ ಅಳತೆಪಟ್ಟಿ ಇಟ್ಟು ಅಳೆಯುತ್ತೀರಿ?

ಹಾಗೆಂದು ನೋಡಿ ಬರೆಯುವುದೇ ತಪ್ಪು ಎಂದು ಹೆದರಬೇಡಿ. ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯ 1793ರಲ್ಲಿ ಬಾಗಿಲು ತೆರೆದಾಗಿನಿಂದಲೂ ಕಲಾವಿದರು ಅದರೊಳಗೇ ಕುಳಿತು ಹಳೆಯ ಚಿತ್ರಗಳನ್ನು ನಕಲು ಮಾಡುತ್ತ ಬಂದಿದ್ದಾರೆ. ಇಂದಿಗೂ ಅನುಮತಿ ಪಡೆದು ಮಾಡುತ್ತಾರೆ. ಆದರೆ ನಕಲಿನ ಅಳತೆ ಮೂಲಚಿತ್ರದ ಅಳತೆಯೇ ಆಗಿರಬಾರದು, ಮೂಲ ಕಲಾವಿದನ ಸಹಿಯನ್ನು ಹಾಕಬಾರದು. ವ್ಯಾನ್ ಗೋ ತನ್ನ ಕೊನೆಯ ವರ್ಷಗಳಲ್ಲಿ ಫ್ರಾನ್ಸಿನ ಹಿರಿಯ ಚಿತ್ರಕಾರ ಮಿಲೆಯ ಚಿತ್ರಗಳ ಕಪ್ಪುಬಿಳುಪು ಮುದ್ರಣಗಳನ್ನು ಎದುರಿಗಿಟ್ಟುಕೊಂಡು, ತನ್ನದೇ ಬಣ್ಣದಲ್ಲಿ ಮತ್ತೆ ಬರೆದ. ತಮ್ಮನಿಗೆ ಬರೆದ ಪತ್ರಗಳಲ್ಲಿ ಅದನ್ನು ಬಾಯಿತುಂಬ ಹೇಳಿಕೊಂಡ. ಅವನನ್ನು ಯಾರೂ ಕಳ್ಳ ಎನ್ನಲಿಲ್ಲ.

ಬಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಾನು ಪ್ರತಿ ವರ್ಷವೂ ಹೇಳುವ ಕಥೆಯೊಂದಿದೆ. 2008ರಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆ ನಡೆಯುತ್ತಿದ್ದಾಗ ಶೆಪರ್ಡ್ ಫೇರಿ ಎಂಬ ಕಲಾವಿದರು ಬರಾಕ್ ಒಬಾಮ ಅವರ ಪೋಸ್ಟರ್ ಒಂದನ್ನು ಮಾಡಿದರು. ಕೆಂಪು, ನೀಲಿ, ತಿಳಿ ಹಳದಿ ಬಣ್ಣದ ಚಪ್ಪಟೆ ತುಂಡುಗಳು, ಮೇಲೆ ನೋಡುತ್ತಿರುವ ಮುಖ, ಕೆಳಗೆ ‘ಹೋಪ್’ ಎಂಬ ಒಂದೇ ಪದ. ನೀವೂ ನೋಡಿರುತ್ತೀರಿ. ಆ ಮುಖ ಬಂದದ್ದು 2006ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಗಾಗಿ ಮ್ಯಾನಿ ಗಾರ್ಸಿಯಾ ತೆಗೆದಿದ್ದ ಛಾಯಾಚಿತ್ರದಿಂದ. ಸಂಸ್ಥೆ ತನ್ನ ಹಕ್ಕು ಕೇಳಿತು. ಫೇರಿ 2009ರ ಫೆಬ್ರುವರಿಯಲ್ಲಿ ತಾವೇ ನ್ಯಾಯಾಲಯಕ್ಕೆ ಹೋಗಿ, ನಾನು ಮಾಡಿದ್ದು ಅನುಮತಿ ಕೇಳದಿದ್ದರೂ ಕಾನೂನು ಒಪ್ಪುವ ನ್ಯಾಯಯುತ ಬಳಕೆ ಎಂದರು. ಅದು ವಾದಿಸಬಹುದಾದ ಮಾತೇ ಆಗಿತ್ತು.

ಆದರೆ ಒಂದು ಸುಳ್ಳು ಸೇರಿಕೊಂಡಿತು. ಗಾರ್ಸಿಯಾ ಒಂದೇ ಸಭೆಯಲ್ಲಿ ತೆಗೆದ ಎರಡು ಛಾಯಾಚಿತ್ರಗಳಿದ್ದವು. ಒಂದರಲ್ಲಿ ಒಬಾಮ ಪಕ್ಕದಲ್ಲಿ ನಟ ಜಾರ್ಜ್ ಕ್ಲೂನಿ ಕುಳಿತಿದ್ದಾರೆ. ಇನ್ನೊಂದರಲ್ಲಿ ಒಬಾಮ ಮುಖವೊಂದೇ ಹತ್ತಿರದಿಂದ ಕಾಣುತ್ತದೆ. ಫೇರಿ ಬಳಸಿದ್ದು ಎರಡನೆಯದನ್ನು. ಹೇಳಿದ್ದು ಮಾತ್ರ ಮೊದಲನೆಯದನ್ನು. ಇಬ್ಬರಿರುವ ಚಿತ್ರದಿಂದ ಒಬ್ಬರನ್ನು ಕತ್ತರಿಸಿ ತೆಗೆದೆ ಎಂದರೆ ತನ್ನ ಕೈಕೆಲಸ ಹೆಚ್ಚು ಕಾಣುತ್ತದೆಯಲ್ಲ! ಆ ಸುಳ್ಳಿಗೆ ಆಧಾರ ಬೇಕಾಯಿತು. ಕಂಪ್ಯೂಟರ್‌ನಲ್ಲಿದ್ದ ಕಡತಗಳನ್ನು ಅಳಿಸಿದರು, ಇಲ್ಲದ ಚಿತ್ರಗಳನ್ನು ಹೊಸದಾಗಿ ಮಾಡಿ ಒಪ್ಪಿಸಿದರು. ಅಕ್ಟೋಬರ್ ಹೊತ್ತಿಗೆ ಎಲ್ಲವನ್ನೂ ಒಪ್ಪಿಕೊಳ್ಳಬೇಕಾಯಿತು. ಅವರ ವಕೀಲರೇ ಪ್ರಕರಣದಿಂದ ಹಿಂದೆ ಸರಿಯಲು ಅನುಮತಿ ಕೇಳಿದರು. 2011ರಲ್ಲಿ ಸುದ್ದಿಸಂಸ್ಥೆಯೊಂದಿಗೆ ರಾಜಿಯಾಯಿತು. ಆದ್ದರಿಂದ ನೋಡಿ ಬರೆದದ್ದು ಸರಿಯೇ ತಪ್ಪೇ ಎಂದು ಯಾವ ನ್ಯಾಯಾಧೀಶರೂ ತೀರ್ಪು ಕೊಡಲಿಲ್ಲ. ಶಿಕ್ಷೆ ಬಂದದ್ದು ಸಾಕ್ಷ್ಯ ಮುಚ್ಚಿಟ್ಟದ್ದಕ್ಕೆ: 2012ರಲ್ಲಿ ನ್ಯಾಯಾಂಗ ನಿಂದನೆಗಾಗಿ 25,000 ಡಾಲರ್ ದಂಡ, 300 ಗಂಟೆಗಳ ಸಮುದಾಯ ಸೇವೆ, ಎರಡು ವರ್ಷ ಸನ್ನಡತೆಯ ನಿಗಾ. ಮೊದಲ ದಿನವೇ ‘ಇಂಥವರ ಇಂಥ ಛಾಯಾಚಿತ್ರ’ ಎಂದು ಒಂದು ಸಾಲು ನಿಜ ಹೇಳಿದ್ದರೆ ಈ ಶಿಕ್ಷೆ ಬರುತ್ತಿರಲಿಲ್ಲ.

ಆ ಸಾಲನ್ನು ಎಲ್ಲಿ ಬರೆಯಬೇಕು? ಚಿತ್ರದ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ. ಯಾರ ಚಿತ್ರ, ಎಲ್ಲಿ ಸಿಕ್ಕಿತು, ಯಾವ ಭಾಗ ತೆಗೆದುಕೊಂಡೆ, ಏನು ಬದಲಿಸಿದೆ. ಅದಕ್ಕೆ ಎರಡು ನಿಮಿಷ ಸಾಕು. ಬರೆಯದಿದ್ದರೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೀರಾ? ಅಡಿಯಲ್ಲಿಟ್ಟು ಅಚ್ಚೆಳೆದ ಗೆರೆ ಮೊದಲಿನಿಂದ ಕೊನೆಯವರೆಗೂ ಒಂದೇ ದಪ್ಪವಿರುತ್ತದೆ. ನೋಡಿ ಎಳೆದ ಗೆರೆ ಮೊಣಕೈ ಮಡಚುವಲ್ಲಿ ಒತ್ತಿರುತ್ತದೆ, ಬೆನ್ನು ಇಳಿಯುವಲ್ಲಿ ತೆಳುವಾಗುತ್ತದೆ, ಒಮ್ಮೊಮ್ಮೆ ತಪ್ಪಿ ಪಕ್ಕದಲ್ಲಿ ಇನ್ನೊಂದು ಗೆರೆ ಇರುತ್ತದೆ. ಪಾಠ ಹೇಳುವವರಿಗೆ ಇದು ಮೇಜಿನ ಆಚೆಯಿಂದಲೇ ಕಾಣುತ್ತದೆ.

ಕಥೆ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮಾಡಿಸಿದರೆ ಯಾವ ತಂತ್ರಾಂಶ, ಅದಕ್ಕೆ ಏನೆಂದು ಸೂಚನೆ ಕೊಟ್ಟಿರಿ, ಆಮೇಲೆ ನಿಮ್ಮ ಕೈ ಎಲ್ಲಿ ಆಡಿತು ಎಂದು ಬರೆಯಿರಿ. ಬಳಸಬಹುದೇ ಎಂದು ಮೊದಲೇ ಅಧ್ಯಾಪಕರನ್ನು ಕೇಳಿ. ಒಂದೇ ಕೃತಿಯನ್ನು ಎರಡು ವಿಷಯಗಳಿಗೆ ಒಪ್ಪಿಸುವುದಿದ್ದರೆ ಇಬ್ಬರು ಅಧ್ಯಾಪಕರಿಗೂ ತಿಳಿಸಿ. ಅಚ್ಚು ತೆಗೆಯಲು, ಎರಕ ಹೊಯ್ಯಲು ಗೆಳೆಯರು ಕೈಜೋಡಿಸಿದ್ದರೆ ಅವರ ಹೆಸರು ಬರೆಯಿರಿ. ಕಲಾ ಇತಿಹಾಸದ ಪ್ರಬಂಧಕ್ಕೂ ಇದೇ ನಿಯಮ. ಮಾನವಾಕೃತಿಯ ತರಗತಿಯಲ್ಲಿ ಮೊಬೈಲ್ ಚೀಲದಿಂದ ಹೊರಗೆ ಬರಲೇಬಾರದು. ಎದುರಿಗೆ ಕುಳಿತ ರೂಪದರ್ಶಿ ಬರೆಯಲು ಒಪ್ಪಿದ್ದಾರೆಯೇ ಹೊರತು ಫೋಟೊ ತೆಗೆಯಲು ಅಲ್ಲ. ಇನ್ನು ತಂದೆತಾಯಿಯರಲ್ಲಿ ಒಂದು ವಿನಂತಿ. ಮಗಳ ಹೋಮ್‌ವರ್ಕ್‌ಗೆ ನೀವು ಬಣ್ಣ ತುಂಬಬೇಡಿ. ದಯವಿಟ್ಟು.

ಕೊನೆಯದಾಗಿ, ಸಮಿತಿಯಿಂದ ನೋಟಿಸ್ ಬಂದರೆ ಏನು ಮಾಡಬೇಕು? ಹೋಗಿ. ಸ್ಕೆಚ್ ಪುಸ್ತಕವನ್ನು ಇದ್ದ ಹಾಗೆಯೇ ತೆಗೆದುಕೊಂಡು ಹೋಗಿ, ಕೆಟ್ಟುಹೋದ ಪುಟಗಳನ್ನು ಹರಿಯಬೇಡಿ. ನಿಮ್ಮ ಪರವಾಗಿ ಮಾತನಾಡುವುದು ಆ ಪುಟಗಳೇ. ವಿಚಾರಣೆಯ ಹಿಂದಿನ ರಾತ್ರಿ ಕುಳಿತು, ಹಳೆಯ ತಾರೀಖು ಹಾಕಿ ಹೊಸ ಕರಡು ಬರೆದು ತರುವವರಿದ್ದಾರೆ. ಮುಟ್ಟಿದರೆ ಇದ್ದಿಲ ಪುಡಿ ಇನ್ನೂ ಬೆರಳಿಗೆ ಅಂಟುತ್ತಿರುತ್ತದೆ! ಅಲ್ಲಿಗೆ ಒಂದು ತಪ್ಪು ಎರಡಾಯಿತು. ಮೂಲ ಬರೆಯಲು ಮರೆತಿದ್ದರೆ ಮರೆತೆ ಎಂದೇ ಹೇಳಿ. ಆ ಒಂದು ಸಾಲನ್ನು ಅಲ್ಲೇ ಬರೆಸಿಕೊಂಡು ವಾಪಸ್ ಕಳುಹಿಸಿದ್ದುಂಟು.

ನಮಸ್ಕಾರ.