ಬಳೆಯ ಸಾಲ, ಡಾಲರ್ ಸಾಲ

ಕೇಳುಗರಿಗೆ ನಮಸ್ಕಾರ.

2007ರಲ್ಲಿ ನನ್ನ ಕಾಲೇಜು ಫೀಸಿಗೆ ದುಡ್ಡು ಸಾಲಲಿಲ್ಲ. ಅಮ್ಮ ಚಿಕ್ಕಮ್ಮನ ಹತ್ತಿರ ಎರಡು ಚಿನ್ನದ ಬಳೆ ಕೇಳಿ ತಂದಳು. ಅವೆನ್ಯೂ ರಸ್ತೆಯ ಅಂಗಡಿಯೊಂದರಲ್ಲಿ ಮಾರಿ ಫೀಸು ಕಟ್ಟಿದಳು. ಮುಂದೆ ಅಷ್ಟೇ ತೂಕದ ಬಳೆ ಮಾಡಿಸಿ ಕೊಡಬೇಕು, ಮಾತು ಇಷ್ಟೇ. ಬಡ್ಡಿ ಗಿಡ್ಡಿ ಏನೂ ಇಲ್ಲ. ಸುಲಭದ ಸಾಲ, ಅಲ್ವಾ?

ಅಮ್ಮ ಶ್ರೀರಾಂಪುರದ ಮನೆಯಲ್ಲಿ ಕೂತು ಸೀರೆಗೆ ಫಾಲ್ಸ್ ಹಾಕುತ್ತಿದ್ದಳು. ನಾಲ್ಕು ವರ್ಷದಲ್ಲಿ ಚಿನ್ನದ ಬೆಲೆ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ಫಾಲ್ಸಿನ ಕೂಲಿ ಎಲ್ಲಿ ಹಾಗೆ ಏರುತ್ತದೆ? ಹೊಸದಾಗಿ ಒಂದು ಪೈಸೆ ತರದಿದ್ದರೂ ಅಮ್ಮನ ಸಾಲ ಸುಮ್ನೆ ಕೂತಲ್ಲೇ ಬೆಳೆದಿತ್ತು.

ಬಡ ದೇಶಗಳ ವಿದೇಶಿ ಸಾಲವೂ ಬಹುಮಟ್ಟಿಗೆ ಇದೇ ಥರದ್ದು. ತೆರಿಗೆ ಬರುವುದು ತಮ್ಮ ನಾಣ್ಯದಲ್ಲಿ, ತೀರಿಸುವುದು ಡಾಲರಿನಲ್ಲಿ. ಆಫ್ರಿಕಾದ ಜಾಂಬಿಯಾ ನೋಡಿ. ಅದು ಹೊರಗೆ ಮಾರುವ ಸರಕಿನಲ್ಲಿ ದೊಡ್ಡ ಪಾಲು ತಾಮ್ರ. 2012ರಿಂದ 2015ರ ಒಳಗೆ ಮೂರು ಸಲ ಬಾಂಡ್, ಅಂದರೆ ಬಡ್ಡಿ ಸಮೇತ ತೀರಿಸುತ್ತೇವೆ ಅನ್ನುವ ಸಾಲಪತ್ರ, ಮಾರಿ 300 ಕೋಟಿ ಡಾಲರ್ ಸಾಲ ಎತ್ತಿತು. ಅಲ್ಲಿನ ನಾಣ್ಯ ಕ್ವಾಚಾ. ಮೊದಲ ಸಲ ಎತ್ತಿದಾಗ, ಈಗಿನ ಹೊಸ ನೋಟಿನ ಲೆಕ್ಕದಲ್ಲಿ, ಡಾಲರಿಗೆ ಸುಮಾರು 5 ಕ್ವಾಚಾ. ನಡುವೆ ತಾಮ್ರದ ಬೆಲೆ ಬಿತ್ತು, ಒಳಗೆ ಬರುವ ಡಾಲರ್ ಕಮ್ಮಿಯಾಯಿತು. 2020ರ ಕೊನೆಗೆ ಡಾಲರಿಗೆ 20 ಕ್ವಾಚಾ ದಾಟಿತ್ತು. ಆ ನವೆಂಬರಿನಲ್ಲಿ ಕಂತು ಕಟ್ಟಲಾಗದೆ ದೇಶ ಕೈಚೆಲ್ಲಿತು.

ಸಾಲ ಮಾಡಿದ್ದು ಸರ್ಕಾರ ತಾನೇ, ಬಡವರಿಗೇನು ಅಂತ ನೀವು ಕೇಳಬಹುದು. ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಬಾಡಿಗೆ ನಿಲ್ಲಿಸಲಿಲ್ಲ, ಯಾಕೆಂದರೆ ಓನರ್ ಬಾಗಿಲಿಗೆ ಬರುತ್ತಾರೆ. ಅರ್ಧ ಲೀಟರ್ ಹಾಲು ಕಾಲು ಲೀಟರಾಯಿತು. ತಂಗಿಯ ಟ್ಯೂಷನ್ ನಿಂತಿತು. ಅಮ್ಮನ ಬಿಪಿ ಮಾತ್ರೆ ಎರಡು ದಿನಕ್ಕೊಂದಾಯಿತು. ಹಾಲಾಗಲಿ ಮಾತ್ರೆಯಾಗಲಿ ಬಂದು ಬಾಗಿಲು ಬಡಿಯುವುದಿಲ್ಲವಲ್ಲ.

ಜಾಂಬಿಯಾದಲ್ಲೂ ಹಾಗೇ ಆಯಿತು. 1990ರ ದಶಕದಲ್ಲಿ, ಇದಕ್ಕೂ ಹಿಂದಿನ ಸಾಲದ ಹೊರೆ ಹೊತ್ತಿದ್ದಾಗ, ಸರ್ಕಾರಿ ಆಸ್ಪತ್ರೆಗಳು ರೋಗಿಗಳಿಂದ ದುಡ್ಡು ಕೇಳತೊಡಗಿದವು. 2005-06ರಲ್ಲಿ ಆ ಸಾಲದ ಬಹುಪಾಲು ಮನ್ನಾ ಆಯಿತು. 2006ರ ಏಪ್ರಿಲಿನಲ್ಲಿ ಹಳ್ಳಿಗಳಲ್ಲಿ ಆ ಶುಲ್ಕ ತೆಗೆದರು. ಅಲ್ಲಿಯವರೆಗೆ ಮನೆಯಲ್ಲೇ ನರಳುತ್ತಿದ್ದವರು ಕ್ಲಿನಿಕ್ಕಿಗೆ ಬಂದರು.

ನನಗೆ ಸಿಟ್ಟು ಬರಿಸುವ ಒಂದು ಕಥೆಯೂ ಇದೆ. 1979ರಲ್ಲಿ ಟ್ರ್ಯಾಕ್ಟರ್ ಕೊಳ್ಳಲು ಜಾಂಬಿಯಾ ರೊಮೇನಿಯಾದಿಂದ ಸಾಲ ತಂದಿತ್ತು. ತೀರಿಸಲಾಗಲಿಲ್ಲ. 1999ರಲ್ಲಿ ಒಂದು ಖಾಸಗಿ ಕಂಪನಿ ಆ ಸಾಲವನ್ನೇ ಸುಮಾರು 33 ಲಕ್ಷ ಡಾಲರಿಗೆ ಕೊಂಡುಕೊಂಡಿತು. ಆಮೇಲೆ ಐದೂವರೆ ಕೋಟಿ ಡಾಲರ್ ಕೊಡಿ ಅಂತ ಲಂಡನ್ನಿನಲ್ಲಿ ಕೇಸು ಹಾಕಿತು. ಸುಮಾರು ಒಂದೂವರೆ ಕೋಟಿ ಕೊಡಬೇಕೆಂದು 2007ರಲ್ಲಿ ತೀರ್ಮಾನವಾಯಿತು. ಆಗಷ್ಟೇ ಮನ್ನಾ ಕಂಡಿದ್ದ ದೇಶ ಅದು! ಚಿಕ್ಕಮ್ಮ ನಮ್ಮ ಬಳೆಯ ಲೆಕ್ಕವನ್ನು ಹೀಗೆ ಯಾರಿಗೋ ಮಾರಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ.

ಹಾಗಂತ ಹೊರಗಿನ ಸಾಲವೆಲ್ಲ ಕೆಟ್ಟದ್ದೇನಲ್ಲ. ಬೆಂಗಳೂರಿನ ನಮ್ಮ ಮೆಟ್ರೊದ ಮೊದಲ ಹಂತಕ್ಕೆ ಜಪಾನಿನ ಸಾಲ ಬಂದಿದೆ, ಕಾವೇರಿ ಕುಡಿಯುವ ನೀರಿನ ಐದನೇ ಹಂತಕ್ಕೂ ಬಂದಿದೆ. ಅಮ್ಮ ಸಾಲ ಮಾಡಿದ್ದೂ ನನ್ನ ಓದಿಗೆ ತಾನೇ. ಆದರೆ ತೀರಿಸಲಾಗದ ದಿನ ಬಂದಾಗ ಸಾಲ ಕೊಟ್ಟವರು ಎಷ್ಟು ಬೇಗ ಕೂತು ಮಾತಾಡುತ್ತಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 2020ರಲ್ಲಿ ಕೈಚೆಲ್ಲಿದ ಜಾಂಬಿಯಾಕ್ಕೆ ಬಾಂಡ್ ಕೊಂಡವರ ಜೊತೆ ಒಪ್ಪಂದ ಮುಗಿಯಲು 2024 ಬರಬೇಕಾಯಿತು.

ನಮ್ಮ ಅಮ್ಮ 2011ರ ದೀಪಾವಳಿಗೆ ಹೇಗೋ ಒಂದು ಬಳೆ ಮಾಡಿಸಿದಳು. ಇನ್ನೊಂದಕ್ಕೆ ಟೈಮ್ ಕೇಳೋಣ ಅಂತ ನಾವಿಬ್ಬರೂ ಚಿಕ್ಕಮ್ಮನ ಮನೆಗೆ ಹೋದೆವು. ಅವಳು ಬಳೆಯನ್ನು ಕೈಗೆ ಹಾಕಿಕೊಂಡು ತಿರುಗಿಸಿ ನೋಡಿದಳು. “ಬಿಡಕ್ಕ, ಇದೊಂದೇ ಸಾಕು” ಅಂದಳು. ನಮ್ಮ ಲೋಟದ ಕಾಫಿ ಇನ್ನೂ ಆರಿರಲಿಲ್ಲ.