ನಿಮ್ಮದು ಯಾವ ದೇಶ?

ಈ ಹಾಸ್ಟೆಲ್ಲಿನ ಗೋಡೆಗೆ ಒರಗಿಸಿಟ್ಟಿರುವ ಬೆನ್ನುಚೀಲಗಳನ್ನು ನೋಡಿ. ತೈವಾನಿನ ರಾಜಧಾನಿ ತೈಪೆಯಲ್ಲಿದ್ದೇನೆ. ಎರಡು ಚೀಲಗಳ ಮೇಲೆ ಕೆಂಪು ಮೇಪಲ್ ಎಲೆ ಕಾಣುತ್ತಿದೆಯಲ್ಲ, ಅದು ಕೆನಡಾದ ಬಾವುಟ. 1965ರ ಫೆಬ್ರುವರಿ 15ರಂದು ಜಾರಿಗೆ ಬಂದ ಈ ಬಾವುಟ ಕೆಲವೇ ವರ್ಷಗಳಲ್ಲಿ ತಿರುಗಾಡುವ ಹುಡುಗ ಹುಡುಗಿಯರ ಚೀಲ ಏರಿತು. ವಿಯೆಟ್ನಾಂ ಯುದ್ಧದ ಕಾಲ ಅದು. ಹೊರದೇಶಗಳಲ್ಲಿ ತಮ್ಮನ್ನು ಯಾರೂ ಅಮೆರಿಕದವರೆಂದು ತಿಳಿಯದಿರಲಿ ಎಂದು ಕೆನಡಾದವರು ಎಲೆ ಹೊಲಿದುಕೊಂಡರು. ಆಮೇಲೆ ಅಮೆರಿಕದವರೂ ಹೊಲಿದುಕೊಳ್ಳತೊಡಗಿದರು! 2003ರಲ್ಲಿ ಇರಾಕ್ ಯುದ್ಧ ಶುರುವಾದ ಮೇಲೆ ಈ ರೂಢಿ ಮತ್ತೆ ಸುದ್ದಿಯಾಯಿತು. ಅಮೆರಿಕದವರು ಗಲಾಟೆಯವರು, ಕೆನಡಾದವರು ಸೌಮ್ಯರು ಎಂಬ ನಂಬಿಕೆ ಪ್ರವಾಸಿಗರ ನಡುವೆ ಅಷ್ಟು ಗಟ್ಟಿಯಾಗಿದೆ.

1980ರ ಜನವರಿಯಲ್ಲಿ ಆರು ಮಂದಿ ಅಮೆರಿಕನ್ ರಾಯಭಾರ ಸಿಬ್ಬಂದಿ ಕೆನಡಾದ ಪಾಸ್‌ಪೋರ್ಟ್ ಹಿಡಿದು ಇರಾನಿನ ರಾಜಧಾನಿ ಟೆಹರಾನಿನಿಂದ ಪಾರಾಗಿದ್ದರು. ಅವರ ಸಹೋದ್ಯೋಗಿಗಳು ಅಲ್ಲಿ ಒತ್ತೆಯಾಳುಗಳಾಗಿದ್ದರು, ಪ್ರಾಣದ ಪ್ರಶ್ನೆಯಿತ್ತು. ರಜೆಯಲ್ಲಿ ಊರು ನೋಡಲು ಬಂದವರಿಗೆ ಅಂಥ ತುರ್ತು ಇಲ್ಲ. ಆದರೂ ಗುರುತನ್ನು ಹೀಗೆ ಬದಲಾಯಿಸಲು ಎಲ್ಲರಿಗೂ ಆಗುವುದಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ನನ್ನ ಚೀಲಕ್ಕೆ ಅದೇ ಎಲೆ ಹೊಲಿದರೆ ಬರುವ ಪ್ರಶ್ನೆ ನನಗೆ ಗೊತ್ತು: ‘ಅದಿರಲಿ, ಮೂಲತಃ ಎಲ್ಲಿಯವರು?’ ಟೊರಾಂಟೊದಲ್ಲೇ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ.

ಈಗ ಮೇಜಿನ ಮೇಲಿರುವ ಎರಡು ಪಾಸ್‌ಪೋರ್ಟುಗಳನ್ನು ನೋಡಿ. ಈ ಹಾಸ್ಟೆಲ್ ನಡೆಸುವ ಮಹಿಳೆ ತೋರಿಸಿದರು. ಹಳೆಯದರ ನೆತ್ತಿಯ ಮೇಲೆ ತೈವಾನಿನ ಅಧಿಕೃತ ಹೆಸರು ‘ರಿಪಬ್ಲಿಕ್ ಆಫ್ ಚೈನಾ’ ಎಂದು ಇಂಗ್ಲಿಷಿನಲ್ಲಿ ಢಾಳಾಗಿದೆ. 2003ರಿಂದ ಸೇರಿಸಿದ ‘ತೈವಾನ್’ ಕೆಳಗೆಲ್ಲೋ ಇದೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅವಸರದಲ್ಲಿ ನೋಡಿದವರು ಇವರನ್ನು ಚೀನಾದವರೆಂದೇ ಎಣಿಸುತ್ತಿದ್ದರು. 2015ರ ಹೊತ್ತಿಗೆ ಕೆಲವರು ಹೊದಿಕೆಯ ಮೇಲೆ ‘ತೈವಾನ್ ಗಣರಾಜ್ಯ’ ಎಂಬ ಸ್ಟಿಕ್ಕರ್ ಅಂಟಿಸಿಕೊಂಡರು. ಅಂಥವರನ್ನು ಸಿಂಗಪುರ ವಾಪಸು ಕಳುಹಿಸಿದ್ದೂ ಉಂಟು. 2020ರ ಜನವರಿ ಕೊನೆಗೆ ಕೊರೊನಾ ಭಯದಲ್ಲಿ ಚೀನಾದ ವಿಮಾನಗಳನ್ನು ತಡೆದ ಇಟಲಿ ತೈವಾನಿನ ವಿಮಾನಗಳನ್ನೂ ತಡೆಯಿತು. ಆಗ ತೈವಾನಿನಲ್ಲಿ ಸೋಂಕಿತರು ಬೆರಳೆಣಿಕೆಯಷ್ಟೇ ಇದ್ದರು. ಹೊಸ ಪಾಸ್‌ಪೋರ್ಟ್ ಬಂದದ್ದು 2021ರ ಜನವರಿಯಲ್ಲಿ. ಇದರಲ್ಲಿ ‘ತೈವಾನ್’ ದೊಡ್ಡಕ್ಷರವಾಗಿದೆ, ‘ರಿಪಬ್ಲಿಕ್ ಆಫ್ ಚೈನಾ’ ಲಾಂಛನದ ಸುತ್ತ ಪುಟ್ಟದಾಗಿ ಸುತ್ತಿಕೊಂಡಿದೆ. ಪರದೇಶದಲ್ಲಿ ತನ್ನ ಹೆಸರಿನಿಂದ ಗುರುತಾಗಲು ಒಂದು ದೇಶ ಅಕ್ಷರದ ಗಾತ್ರ ಹಿಗ್ಗಿಸಬೇಕಾಯಿತು.

‘ಈಗ ನೆಮ್ಮದಿಯೇ?’ ಎಂದು ಕೇಳಿದೆ. ‘ಪುಸ್ತಕ ತೆಗೆದು ತೋರಿಸುವವರೆಗೆ ನಾನು ಚೀನಾದವಳೇ’ ಎಂದರು. ಅವರ ಧ್ವನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು.

ಆ ಮಾತು ಕೇಳಿದಾಗ ಬೈಲುಕುಪ್ಪೆಯ ನನ್ನ ಗೆಳೆಯ ನೆನಪಾದ. ಮೈಸೂರಿನಲ್ಲಿ ಒಟ್ಟಿಗೆ ಓದಿದವರು ನಾವು. 1960ರ ದಶಕದ ಆರಂಭದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಕಾಡು ಕಡಿದು ನೆಲೆ ನಿಂತ ಟಿಬೆಟನ್ನರ ಮನೆತನ ಅವನದು. ಅವನ ಕನ್ನಡ ನನ್ನ ಕನ್ನಡಕ್ಕಿಂತ ಹಸನು. ಪ್ರವಾಸಕ್ಕೆ ಹೊರಟರೆ ಅವನ ಕೈಯಲ್ಲಿ ಭಾರತ ಸರ್ಕಾರ ನಿರಾಶ್ರಿತರಿಗೆ ಕೊಡುವ ಹಳದಿ ಹೊದಿಕೆಯ ಗುರುತಿನ ಪುಸ್ತಕ. ಎಷ್ಟೋ ವಲಸೆ ಅಧಿಕಾರಿಗಳು ಅದನ್ನು ಕಂಡೇ ಇರುವುದಿಲ್ಲ. ಪಕ್ಕಕ್ಕೆ ನಿಲ್ಲಿಸುತ್ತಾರೆ, ಮೇಲಧಿಕಾರಿಯನ್ನು ಕರೆಯುತ್ತಾರೆ, ಫೋನು ಮಾಡುತ್ತಾರೆ. ಸಹಪ್ರವಾಸಿಗರದು ಇನ್ನೊಂದು ಕಾಟ: ಟಿಬೆಟ್ ಎಂದ ಕೂಡಲೇ ಧ್ಯಾನ, ಮಂತ್ರ, ಹಿಮಾಲಯ. ಅವನು ಬೆಳೆದದ್ದು ಮುಸುಕಿನ ಜೋಳದ ಹೊಲಗಳ ನಡುವೆ.

1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಎನ್ನುತ್ತದೆ ಕಾನೂನು. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು, ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿತು. ನನ್ನ ಗೆಳೆಯ ಆ ಅವಧಿಯಲ್ಲೇ ಹುಟ್ಟಿದವನು. ಆದರೂ ಭಾರತದ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಲ್ಲ. ನಿರಾಶ್ರಿತ ಎಂಬ ಗುರುತನ್ನು ಬಿಟ್ಟರೆ ಟಿಬೆಟನ್ನೇ ಬಿಟ್ಟುಕೊಟ್ಟಂತೆ ಎಂಬುದು ಅವನ ತಾಯಿಯ ನೋವು. ಅರ್ಜಿ ಹಾಕಿದವರು ಟಿಬೆಟನ್ನು ಮರೆತರೆಂದು ನಾನು ಒಪ್ಪುವುದಿಲ್ಲ. ಆದರೆ ಆ ತಾಯಿಯ ಮುಂದೆ ವಾದ ಹೂಡಲು ನನಗೆ ಮನಸ್ಸು ಬರುವುದಿಲ್ಲ. ಎಲೆಯನ್ನು ಇವತ್ತು ಹೊಲಿದು ನಾಳೆ ಬಿಚ್ಚುವವರು ಇರುವ ಇದೇ ಲೋಕದಲ್ಲಿ, ಅಡ್ಡಿಯೆಂದು ಗೊತ್ತಿದ್ದೂ ಒಂದು ಗುರುತನ್ನು ಜೀವಮಾನವಿಡೀ ಹೊತ್ತುಕೊಂಡವರೂ ಇದ್ದಾರೆ.

ಹೊರದೇಶದಲ್ಲಿ ಯಾರಾದರೂ ಕೇಳಿದರೆ ಅವನು ಹೇಳುವುದು ‘ಬೈಲುಕುಪ್ಪೆ’ ಎಂದೇ. ಅದೆಲ್ಲಿದೆ ಎಂದು ಕೇಳಿದವರಿಗೆ ಕುಶಾಲನಗರದ ಬಸ್ಸಿನಿಂದ ಹಿಡಿದು ದಾರಿ ಹೇಳುತ್ತಾನೆ. ಮುಂದಿನ ಸಂಚಿಕೆ ಅವನ ಊರಿನಿಂದಲೇ, ಅವನದೇ ಧ್ವನಿಯಲ್ಲಿ. ತಾಯಿಯೂ ಮಾತನಾಡಲು ಒಪ್ಪಿದ್ದಾರೆ.